ಎಂಜಿನ್ ಬಿಸಿಯಾಗಲೆಂದು ಕಾದ ಕಳ್ಳ

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಟೈಲ್ಸ್ ಸಾಹುಕಾರರು ಠಾಣೆಯೊಳಗೆ ಕಾಲಿಟ್ಟಾಗ ಇನ್ಸ್‌ಪೆಕ್ಟರು ಮೊಣಕಾಲೂರಿ ಕುಳಿತು ತಮ್ಮ ಕುರ್ಚಿಯ ಗಿಡ್ಡ ಕಾಲಿನ ಕೆಳಗೆ ರಟ್ಟಿನ ತುಂಡು ತುರುಕುತ್ತಿದ್ದರು. ಹೊಸ ಕುರ್ಚಿ ಬೇಕೆಂದು ಮೇಲಿನವರಿಗೆ ಬರೆದು ವರ್ಷವಾಗಿತ್ತು. ಆ ಅರ್ಜಿ ಯಾವ ಕಚೇರಿಯ ಯಾವ ಮೇಜಿನ ಮೇಲೆ ಗೊರಕೆ ಹೊಡೆಯುತ್ತಿದೆಯೋ ದೇವರಿಗೇ ಗೊತ್ತು.

“ನನ್ನ ಕಾರು ಕಳುವಾಗಿದೆ,” ಎಂದರು ಸಾಹುಕಾರರು, ನಿಂತೇ.

“ಯಾವ ಕಾರು?”

“ಇಟಲಿದು. ಗ್ರ್ಯಾಂಡ್ ಟೂರರ್.”

ಠಾಣೆಯ ಬರವಣಿಗೆಯೆಲ್ಲ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್, ಎಲ್ಲರ ಬಾಯಲ್ಲೂ ‘ರೈಟರ್’, ಪೆನ್ನು ತೆಗೆದು ದೂರು ಬರೆಯಲು ಕುಳಿತ. ಸಲೀಸಾಗಿ ಮುಗಿಯುವ ಕೆಲಸವಾಗಿರಲಿಲ್ಲ ಅದು.

“ಬಣ್ಣ?”

“ಕೆಂಪು.”

“ಎಷ್ಟು ಸೀಟು?”

“ಎರಡು. ಹಿಂದೆ ಇನ್ನೆರಡಿದೆ, ಆದ್ರೆ ಅದ್ರಲ್ಲಿ ಯಾರೂ ಕೂರೋಕಾಗಲ್ಲ.”

“ಹಾಗಾದ್ರೆ ಎರಡು ಅಂತ ಬರೀಲಾ, ನಾಲ್ಕು ಅಂತ ಬರೀಲಾ?”

“ಏನಾದ್ರೂ ಬರ್ಕೊಳ್ರೀ! ಊರಲ್ಲಿ ಇರೋದೇ ಅದೊಂದು!”

ಕಳವು ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಅದರ ಶಾಯಿ ಆರುವ ಮೊದಲೇ ಫೋನು ಬಡಿದುಕೊಂಡಿತು. ಆ ಕಡೆ ಮೇಲಿನ ಸಾಹೇಬರು. ಸಾಹುಕಾರರು ತಮಗೆ ಬೇಕಾದವರು, ಬುಧವಾರ ಮಧ್ಯಾಹ್ನದೊಳಗೆ ಯಾರನ್ನಾದರೂ ಹಿಡಿದು ನ್ಯಾಯಾಲಯಕ್ಕೆ ಹಾಜರುಪಡಿಸಬೇಕು ಎಂದರು. ‘ಕಳ್ಳನನ್ನು’ ಅನ್ನಲಿಲ್ಲ, ‘ಯಾರನ್ನಾದರೂ’ ಅಂದರು. ಇನ್ಸ್‌ಪೆಕ್ಟರಿಗೆ ಆ ಮಾತು ಊಟದಲ್ಲಿ ಕಲ್ಲು ಸಿಕ್ಕಂತೆ ಕಟಕ್ಕೆಂದಿತು. ಠಾಣೆಯಲ್ಲಿ ಹದಿನೇಳು ಬೈಕ್ ಕಳವಿನ ದೂರುಗಳಿದ್ದವು. ಅವುಗಳಿಗೆ ಒಬ್ಬ ಸಾಹೇಬರೂ ಒಂದು ದಿನವೂ ಫೋನು ಮಾಡಿದವರಲ್ಲ.

ಸ್ಥಳ ಪಂಚನಾಮೆಗೆ ಒಂಬತ್ತೂವರೆಗೆ ಗೋದಾಮಿಗೆ ಹೋದರು. ಊರಾಚೆಯ ಹೆದ್ದಾರಿಯ ಪಕ್ಕ ತಗಡಿನ ಚಾವಣಿಯ ಉದ್ದನೆಯ ಕಟ್ಟಡ, ಒಳಗೆ ಎತ್ತ ನೋಡಿದರೂ ಟೈಲ್ಸಿನ ಪೆಟ್ಟಿಗೆಗಳು. ಒಂದು ಮೂಲೆಯಲ್ಲಿ ಕಾರು ನಿಂತಿದ್ದ ಜಾಗ ಮಾತ್ರ ಗುಡಿಸಿ ಒರೆಸಿದಂತೆ ಸ್ವಚ್ಛವಾಗಿತ್ತು. ಬೀಗ ಒಡೆದಿರಲಿಲ್ಲ. ಕೀಲಿಕೈ ತೂಗುಹಾಕುವ ಮೊಳೆ ಖಾಲಿಯಿತ್ತು. ಮೇಲೆ ಕ್ಯಾಮೆರಾ ಇದೆಯೆಂದು ನೋಡಿ ಇನ್ಸ್‌ಪೆಕ್ಟರ ಮುಖ ಅರಳಿತು, ಆದರೆ ಅದು ತಿರುಗಿದ್ದು ಟೈಲ್ಸಿನ ರಾಶಿಯ ಕಡೆಗೆ.

“ಕಾರಿನ ಕಡೆ ಯಾಕಿಲ್ಲ?”

“ಕೂಲಿಯವ್ರು ಟೈಲ್ಸ್ ಎತ್ಕೊಂಡು ಹೋಗ್ತಾರೆ ಸರ್,” ಎಂದರು ಸಾಹುಕಾರರು. “ಕಾರನ್ನ ಯಾರು ಎತ್ಕೊಂಡು ಹೋಗ್ತಾರೆ?”

ಇನ್ಸ್‌ಪೆಕ್ಟರು ಹಲ್ಲು ಕಚ್ಚಿಕೊಂಡು ವಾಚ್‌ಮನ್‌ನನ್ನು ಕರೆಸಿದರು. ಐವತ್ತು ದಾಟಿದ ಬಡಕಲು ಮನುಷ್ಯ, ಸಮವಸ್ತ್ರದ ಅಂಗಿ ಅವನ ಮೈಮೇಲೆ ಒಣಗಲು ಹಾಕಿದಂತಿತ್ತು.

“ಎಲ್ಲಿದ್ದೆ?”

“ಹಿಂದ್ಗಡೆ ಸರ್. ಬೆಳಕು ಹರೀತಿತ್ತು, ಟೀ ಮಾಡ್ತಿದ್ದೆ.”

“ಕಾರಿನ ಸದ್ದು ಕೇಳ್ಲಿಲ್ವಾ?”

“ಕೇಳ್ದೆ ಇರುತ್ತಾ ಸರ್? ತಗಡೆಲ್ಲ ನಡುಗ್ತು.”

“ಮತ್ತೆ ಸುಮ್ನೆ ಕೂತಿದ್ದೆ?”

“ಸಾಹುಕಾರ್ರೇ ಬಂದಿದಾರೆ ಅಂದ್ಕೊಂಡೆ ಸರ್. ಒಂದೊಂದ್ ಭಾನುವಾರ ಬಂದು ಸ್ಟಾರ್ಟ್ ಮಾಡಿ ಹೋಗ್ತಾರೆ. ಆವಾಗ ಹತ್ರ ಹೋದ್ರೆ ಬೈತಾರೆ.”

“ಎಷ್ಟು ಹೊತ್ತಿತ್ತು ಸದ್ದು?”

ವಾಚ್‌ಮನ್ ಯೋಚಿಸಿದ. “ಟೀ ಕುದೀತು, ಸೋಸ್ದೆ, ಕುಡ್ದೆ, ಲೋಟ ತೊಳ್ದೆ. ಅಲ್ಲೀವರ್ಗೂ ನಿಂತಲ್ಲೇ ಗುರ್ ಅಂತಿತ್ತು. ಹತ್ತು ನಿಮಿಷ ಆಗಿರ್ಬೇಕು ಸರ್. ಆಮೇಲೆ ಮೆಲ್ಲಗೆ ಹೊರಟೋಯ್ತು.”

“ಕೇಳಿದ್ರಾ ಅಜ್ಜಿ ಕತೇನ?” ಸಾಹುಕಾರರು ಎಗರಿ ಬಿದ್ದರು. “ಕದಿಯೋಕೆ ಬಂದವ್ನು ಹತ್ತು ನಿಮಿಷ ನಿಂತ್ಕೊಂಡು ಸಂಗೀತ ಕೇಳ್ತಾನಾ? ಇವ್ನೇ ಗೇಟು ತೆಗೆದು ಕಳ್ಸಿದಾನೆ!”

ನಿಜ ಹೇಳಬೇಕೆಂದರೆ ಇನ್ಸ್‌ಪೆಕ್ಟರಿಗೂ ಅದು ಅಜ್ಜಿ ಕತೆಯೆಂದೇ ಅನ್ನಿಸಿತು. ಅವರ ಇಷ್ಟು ವರ್ಷದ ಅನುಭವದಲ್ಲಿ ಕಳ್ಳನೆಂಬವನು ಗಾಡಿ ಸ್ಟಾರ್ಟ್ ಆದ ಕ್ಷಣ ಕಾಲಿಗೆ ಬುದ್ಧಿ ಹೇಳುತ್ತಿದ್ದ. ವಾಚ್‌ಮನ್‌ನನ್ನು ಜೀಪು ಹತ್ತಿಸಿದರು. ಕಾಗದದಲ್ಲಿ ಬಂಧನವಿಲ್ಲ, ‘ವಿಚಾರಣೆ’ ಅಷ್ಟೇ. ಆದರೆ ಮನೆಗೆ ಕಳಿಸಬೇಡಿ ಎಂದು ಮೇಲಿನಿಂದ ಮಾತಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವನ ಹೆಂಡತಿ ಬುತ್ತಿ ಹಿಡಿದು ಬಂದು ಠಾಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಳು. ಅಳಲಿಲ್ಲ, ಕೈ ಮುಗಿಯಲಿಲ್ಲ. ಒಳಗೆ ಹೋಗುವ ಬರುವ ಪ್ರತಿ ಪೊಲೀಸಿನವನನ್ನೂ “ನಮ್ಮನೆಯವ್ರು ಏನ್ ಮಾಡಿದಾರೆ?” ಎಂದು ಒಂದೇ ದನಿಯಲ್ಲಿ ಕೇಳುತ್ತಿದ್ದಳು. ಅದನ್ನು ತಪ್ಪಿಸಿಕೊಳ್ಳಲು ಇನ್ಸ್‌ಪೆಕ್ಟರು ಸಂಜೆಯ ಹೊತ್ತಿಗೆ ಹಿಂಬಾಗಿಲಿನಿಂದ ಓಡಾಡತೊಡಗಿದ್ದರು, ಅದಕ್ಕಾಗಿ ತಮ್ಮ ಮೇಲೇ ಸಿಟ್ಟಾಗಿದ್ದರು.

ಸದ್ದು ಕೇಳಿದವರನ್ನು ಹುಡುಕಿದರೆ ಊರಿಗೆ ಊರೇ ಕೇಳಿತ್ತು. ಹಾಲಿನವನು ಪೂರ್ವಕ್ಕೆ ಹೋಯಿತೆಂದ. ಬೇಕರಿಯವನು ಪಶ್ಚಿಮಕ್ಕೆಂದ. ನಿವೃತ್ತ ಮೇಷ್ಟ್ರೊಬ್ಬರು ಅದು ವಿಮಾನವೆಂದೇ ಹಟ ಹಿಡಿದು ಹಾಗೆಯೇ ಹೇಳಿಕೆ ಬರೆಸಿದರು. ವೃತ್ತದ ಕ್ಯಾಮೆರಾ ದುರಸ್ತಿಗೆ ಹೋಗಿತ್ತು. ಪೆಟ್ರೋಲ್ ಬಂಕಿನದರಲ್ಲಿ ಎರಡು ಕೆಂಪು ದೀಪಗಳು ಮಸುಕಾಗಿ ಹಾದುಹೋದವು, ಅವು ಯಾರದಾದರೂ ಆಗಿರಬಹುದಿತ್ತು.

ಸೋಮವಾರ ಕಾರಿನ ಸರಿಯಾದ ವಿವರ ಬೇಕೆಂದು ಮೌಲ್ಯಮಾಪಕರನ್ನು ಕರೆಸಿದರು. ಹಳೆಯ, ದುಬಾರಿ ಕಾರುಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವುದು ಅವರ ಕಸುಬು. ಹದಿನೈದು ದಿನದ ಹಿಂದೆಯಷ್ಟೇ ಸಾಹುಕಾರರ ಕೋರಿಕೆಯಂತೆ ಈ ಕಾರಿಗೂ ಬೆಲೆ ಕಟ್ಟಿದ್ದರು. ನರೆತ ಕೂದಲು, ಮೆದು ಮಾತು, ಉಗುರುಗಳನ್ನು ಬುಡದವರೆಗೆ ಕತ್ತರಿಸಿಕೊಂಡ ಕೈ. ಗೋದಾಮಿನ ಬಾಗಿಲಲ್ಲಿ ಅವರು ನಿಂತು ಕೈಗಡಿಯಾರ ಬಿಚ್ಚಿದರು, ಉಂಗುರ ತೆಗೆದರು, ಕೊನೆಗೆ ಸೊಂಟದ ಬೆಲ್ಟನ್ನೂ ಎಳೆದು ಸುರುಳಿ ಸುತ್ತಿ ಜೇಬಿಗಿಳಿಸಿದರು.

ರೈಟರ್ ಬೆಪ್ಪಾಗಿ ನೋಡಿದ. “ಇದ್ಯಾಕೆ ಸರ್?”

“ಬಕಲ್ ತಾಗಿದ್ರೆ ಬಣ್ಣದ ಮೇಲೆ ಗೀರು ಬೀಳುತ್ತೆ.”

“ಕಾರೇ ಇಲ್ವಲ್ಲ ಸರ್!”

ಮೌಲ್ಯಮಾಪಕರು ಖಾಲಿ ನೆಲ ನೋಡಿ ಪೆಚ್ಚಾಗಿ ನಕ್ಕರು. “ಅಭ್ಯಾಸ ಬಲ,” ಎಂದು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಒಳಗೆ ಬಂದರು.

ಠಾಣೆಗೆ ಬಂದು ಅವರ ಹೇಳಿಕೆ ಬರೆದುಕೊಳ್ಳುವಷ್ಟರಲ್ಲಿ ರೈಟರನ ಕೈ ಸೋತುಹೋಯಿತು. ಬಣ್ಣ ಕೆಂಪಲ್ಲವಂತೆ. ನೆರಳಿನಲ್ಲಿ ನೇರಳೆ ಹಣ್ಣಿನಂತೆ ಕಪ್ಪಾಗಿ ಕಾಣುವ, ಬಿಸಿಲಿಗೆ ಬಂದರೆ ಮಾತ್ರ ಕೆಂಪೇರುವ ಬಣ್ಣವಂತೆ. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವನ್ನು ಅಂಗೈಯಗಲಕ್ಕೊಮ್ಮೆ ಇಟ್ಟು ನೋಡಿದ್ದರಂತೆ, ಎಡ ಬಾಗಿಲ ಕೆಳಗೊಂದು ಕಡೆ ಬಿಟ್ಟರೆ ಇನ್ನೆಲ್ಲೂ ಎರಡನೆಯ ಸಲ ಬಣ್ಣ ಬಿದ್ದಿಲ್ಲವಂತೆ. ಎಂಜಿನ್ನಿನ ನಂಬರೂ ಚಾಸಿಯ ನಂಬರೂ ಹುಟ್ಟಿದಾಗಿನಿಂದ ಜೊತೆಗಿದ್ದವಂತೆ. ಹನ್ನೆರಡು ಸಿಲಿಂಡರುಗಳಲ್ಲಿ ಏಳನೆಯದು ಮಾತ್ರ ಕೊಂಚ ಸೋಮಾರಿ.

“ರೇಸಿಗೆ ಮಾಡಿದ್ದಾ ಇದು?” ಇನ್ಸ್‌ಪೆಕ್ಟರು ಕೇಳಿದರು.

“ಅಲ್ಲ ಸರ್, ಎಲ್ರೂ ಹಾಗೇ ತಿಳ್ಕೋತಾರೆ. ರೇಸಿನ ಕಾರು ಒಂದೇ ಕಡೆ ಸುತ್ತುತ್ತೆ. ಇದು ದೂರದ ಪ್ರಯಾಣಕ್ಕೆ ಮಾಡಿದ್ದು. ಬೆಳಿಗ್ಗೆ ಒಂದು ದೇಶದಲ್ಲಿ ತಿಂಡಿ ತಿಂದು ಹೊರಟ್ರೆ ಸಂಜೆ ಇನ್ನೊಂದು ದೇಶದಲ್ಲಿ ಇಳೀಬೇಕು, ಇಳಿದಾಗ ಸೊಂಟ ಹಿಡ್ಕೋಬಾರ್ದು. ಅದಕ್ಕೇ ಮುಂದೆ ಅಷ್ಟು ಉದ್ದ, ಒಳಗೆ ಅಷ್ಟು ಮೆತ್ತಗೆ.”

“ಹಿಂದಿನ ಸೀಟಲ್ಲಿ ಯಾರು ಕೂರೋದು ಸರ್?” ರೈಟರನಿಗೆ ಆ ಸಂಶಯ ಇನ್ನೂ ಬಗೆಹರಿದಿರಲಿಲ್ಲ.

“ಚೀಲ,” ಎಂದರು ಮೌಲ್ಯಮಾಪಕರು. ರೈಟರ್ ನೆಮ್ಮದಿಯಿಂದ ಬರೆದುಕೊಂಡ.

ಇನ್ಸ್‌ಪೆಕ್ಟರು ತಲೆ ಕೆರೆದುಕೊಂಡು ಕೇಳಿದರು, “ಒಂದು ವಿಷಯ ಹೇಳಿ. ಸ್ಟಾರ್ಟ್ ಮಾಡಿದ ಮೇಲೂ ಇದು ಹತ್ತು ನಿಮಿಷ ನಿಂತಿತ್ತಂತೆ. ಕೆಟ್ಟಿತ್ತಾ?”

“ಇಲ್ಲ ಇಲ್ಲ. ಎಂಜಿನ್ ಆಯಿಲ್ ಬಿಸಿಯಾಗ್ಬೇಕಲ್ಲ ಸರ್. ತುಂಬಾ ಆಯಿಲ್ ಹಿಡಿಯೋ ಎಂಜಿನ್ ಇದು. ತಣ್ಣಗಿದ್ದಾಗ ಓಡಿಸಿದ್ರೆ ಒಳಗೆ ಎಲ್ಲಾ ಸವೆದು ಹೋಗುತ್ತೆ. ಗೊತ್ತಿರೋರು ಕಾದೇ ಹೊರಡೋದು.”

“ಸಾಹುಕಾರ್ರು ಕಾಯ್ತಾರಾ?”

ಮೌಲ್ಯಮಾಪಕರ ಮುಖ ಹುಳಿ ತಿಂದಂತಾಯಿತು. “ಅವ್ರು ಸ್ಟಾರ್ಟ್ ಮಾಡಿದ ತಕ್ಷಣ ರೊಂಯ್ ಅನ್ಸಿ ಫೋಟೋ ತೆಗೆಸ್ಕೋತಾರೆ.”

ಇನ್ಸ್‌ಪೆಕ್ಟರಿಗೆ ವಾಚ್‌ಮನ್ ಹೇಳಿದ್ದು ಅಜ್ಜಿ ಕತೆಯಲ್ಲವೆಂದು ಖಾತ್ರಿಯಾಯಿತು. ಸೈಕಲ್ಲಿನ ಚೈನು ಬಿಟ್ಟು ಬೇರೆ ಯಂತ್ರ ಮುಟ್ಟದ ಮನುಷ್ಯ ಇಂಥದ್ದನ್ನು ಕಲ್ಪಿಸಿ ಹೇಳಲಾರ. ತಕ್ಷಣ ಮೇಲಿನ ಸಾಹೇಬರಿಗೆ ಫೋನು ಮಾಡಿ, ಕಳ್ಳ ಕಾರಿನ ಮರ್ಮ ಬಲ್ಲವನು, ಈ ವಾಚ್‌ಮನ್ ಅಲ್ಲ ಎಂದರು.

“ಹಾಗಾದ್ರೆ ಬಲ್ಲವನನ್ನ ಹಿಡೀರಿ. ಇಲ್ಲ ಅಂದ್ರೆ ಬುಧವಾರ ಇವನನ್ನೇ ಹಾಜರುಪಡಿಸಿ, ಸಹಾಯ ಮಾಡಿದಾನೆ ಅಂತ,” ಎಂದು ಸಾಹೇಬರು ಇಟ್ಟುಬಿಟ್ಟರು.

ಇನ್ಸ್‌ಪೆಕ್ಟರು ಫೋನನ್ನೇ ದುರುಗುಟ್ಟಿ ನೋಡಿದರು. ಬೆಂಚಿನ ಮೇಲಿದ್ದ ಹೆಂಗಸನ್ನು ಮನೆಗೆ ಹೋಗಮ್ಮ ಅಂದರೆ, “ಅವ್ರ ಜೊತೆ ಹೋಗ್ತೀನಿ,” ಅಂದಳು. ಹೊರಗೆ ಹೋಗುವಾಗ ಮೌಲ್ಯಮಾಪಕರು ಅವಳನ್ನು ದಾಟಿಯೇ ಹೋದರು. ಅವಳು ಅವರನ್ನೂ ಪೊಲೀಸಿನವರೆಂದು ತಿಳಿದು ಅದೇ ಪ್ರಶ್ನೆ ಕೇಳಿದಳು. ಅವರು ಬೆಲ್ಟು ಸರಿಮಾಡಿಕೊಳ್ಳುತ್ತ ನಡೆದರು.

ಮಂಗಳವಾರ ಮಧ್ಯಾಹ್ನ ಮೌಲ್ಯಮಾಪಕರು ಹೇಳಿಕೆಗೆ ಸಹಿ ಹಾಕಲು ಬಂದಿದ್ದರು. ಸಾಹುಕಾರರೂ ಎಂದಿನಂತೆ ಕೂಗಾಡಲು ಬಂದಿದ್ದರು. ಟೀ ತರಿಸಿ ಲೋಟ ಕೈಗೆತ್ತಿಕೊಂಡಿದ್ದಾರೆ, ಪಕ್ಕದ ಠಾಣೆಯಿಂದ ಫೋನು: ಪಾಳುಬಿದ್ದ ಕಲ್ಲುಕ್ವಾರಿಯ ತಳದಲ್ಲಿ ಎರಡು ಬಾಗಿಲಿನ ತಗ್ಗು ಕಾರೊಂದು ಸುಟ್ಟು ಕರಕಲಾಗಿ ಬಿದ್ದಿದೆ, ಉಳಿದ ಬಣ್ಣ ನೋಡಿದರೆ ಕೆಂಪು.

ಸಾಹುಕಾರರು ತಲೆಯ ಮೇಲೆ ಕೈ ಹೊತ್ತು ಕುಸಿದರು. “ಎಂಜಿನ್ ಉಳಿದಿದ್ಯಾ ಕೇಳಿ! ಗೇರ್‌ಬಾಕ್ಸ್ ಉಳಿದಿದ್ಯಾ ಕೇಳಿ!” ರೈಟರ್ ಕೂಡ ಕಾರನ್ನು ಕಣ್ಣಿಂದ ಕಾಣದವನು, ಎರಡು ದಿನ ಅದರ ವರ್ಣನೆ ಬರೆದೂ ಬರೆದೂ ಸಲಿಗೆ ಬೆಳೆಸಿಕೊಂಡವನು, ಪೆನ್ನು ಕೆಳಗಿಟ್ಟು ಛೇ ಎಂದ. ಮೌಲ್ಯಮಾಪಕರು, “ಹೌದಾ? ಹೋಗಿ ನೋಡ್ಕೊಂಡು ಬನ್ನಿ ಸರ್,” ಎಂದು ಉಳಿದ ಟೀ ಕುಡಿದು, ಸಹಿ ಹಾಕಿ, ತಮಗೆ ಬೇರೊಂದು ಕಡೆ ಕೆಲಸವಿದೆಯೆಂದು ಎದ್ದರು.

ಕ್ವಾರಿಯ ದಾರಿ ಜೀಪಿನ ಎಲುಬು ಮುರಿಯುವಂತಿತ್ತು. ಕೆಳಗಿಳಿದು ನೋಡಿದರೆ ಅದು ಇಟಲಿಯದೂ ಅಲ್ಲ, ಎಲ್ಲಿಯದೂ ಅಲ್ಲ. ಯಾರೋ ಪಡ್ಡೆಗಳು ಸಾದಾ ಕಾರನ್ನು ಕತ್ತರಿಸಿ, ತಗ್ಗಿಸಿ, ಕೆಂಪು ಬಳಿದು ಮೆರೆದು ಕೊನೆಗೆ ಸುಟ್ಟುಹಾಕಿದ್ದರು. ಸಾಹುಕಾರರು ದೇವರಿಗೆ ಕೈ ಮುಗಿದರು. ಇನ್ಸ್‌ಪೆಕ್ಟರು ಬಿಸಿಲಲ್ಲಿ ಕಲ್ಲಿನ ಮೇಲೆ ಕುಳಿತು ಬೂಟಿನಿಂದ ಜಲ್ಲಿ ಕೊಡವಿದರು. ಮಂಗಳವಾರವೂ ಮಣ್ಣು ಮುಕ್ಕಿತ್ತು, ಉಳಿದದ್ದು ಬುಧವಾರದ ಅರ್ಧ ದಿನ.

“ಎಂಜಿನ್ನು, ಗೇರ್‌ಬಾಕ್ಸು ಅಂತ ಬಡ್ಕೊಂಡ್ರಲ್ಲ, ಯಾಕೆ?” ಎಂದು ಸಾಹುಕಾರರನ್ನು ಕೇಳಿದರು. ಸುಮ್ಮನೆ ಕೇಳಿದ್ದು, ಸಿಟ್ಟಿಗೆ.

“ಅದನ್ನ ಬಿಚ್ಚಿ ಮಾರೋಣ ಅಂತಿದ್ದೆ ಸರ್. ಇಡೀ ಕಾರಿಗಿಂತ ಬಿಡಿ ಭಾಗಗಳಿಗೇ ಬೆಲೆ ಜಾಸ್ತಿ ಬರುತ್ತೆ. ಹೊರದೇಶದ ಪಾರ್ಟ್ಸ್ ವ್ಯಾಪಾರಿ ಸೋಮವಾರ ಬಿಚ್ಚೋಕೆ ಬರೋನಿದ್ದ.”

“ಯಾರಿಗೆಲ್ಲ ಗೊತ್ತಿತ್ತು?”

“ನನಗೆ, ಅವನಿಗೆ. ಆಮೇಲೆ ನಮ್ಮ ಬೆಲೆ ಕಟ್ಟೋರಿಗೆ. ಬಿಡಿಯಾಗಿ ಮಾರಿದ್ರೆ ಲಾಭ ಅಂತ ಲೆಕ್ಕ ಹಾಕಿಕೊಟ್ಟಿದ್ದೇ ಅವ್ರು.”

ಜೀಪಿನಲ್ಲಿ ವಾಪಸ್ಸು ಬರುವಾಗ ರೈಟರ್ ಗೊಣಗಿದ, “ನಮ್ಮ ಪಕ್ಕದ ಮನೆಯವನ ಸ್ಕೂಟರ್ ಸುಟ್ಟಾಗ ಬೀದಿಯೋರೆಲ್ಲ ಓಡಿ ಹೋಗಿದ್ವಿ ಸರ್. ಆ ಮನುಷ್ಯ ಟೀ ಲೋಟಾನೂ ಕೆಳಗಿಡ್ಲಿಲ್ಲ.”

ಇನ್ಸ್‌ಪೆಕ್ಟರು ಜೀಪು ನಿಲ್ಲಿಸಿದರು. ಇಲ್ಲದ ಕಾರಿಗೂ ಬೆಲ್ಟು ಬಿಚ್ಚಿದ ಮನುಷ್ಯ ಅದು ಸುಟ್ಟುಹೋಯಿತೆಂದರೆ ಕಣ್ಣು ಮಿಟುಕಿಸಲಿಲ್ಲ. ನಾನೂ ಬರುತ್ತೇನೆ ಅನ್ನಲಿಲ್ಲ. ಕ್ವಾರಿಯಲ್ಲಿ ಇರುವುದು ಆ ಕಾರಲ್ಲವೆಂದು ಗೊತ್ತಿದ್ದವನು ಮಾತ್ರ ಹಾಗೆ ಕೂರಬಲ್ಲ. ತಮ್ಮ ಎದುರಿಗೇ ಕುಳಿತು ಟೀ ಕುಡಿದವನನ್ನು ಬಿಟ್ಟು ತಾವು ಎರಡು ದಿನ ಹಾಲಿನವನ, ಬೇಕರಿಯವನ ಹಿಂದೆ ಸುತ್ತಿದ್ದು ನೆನೆದು ಅವರಿಗೆ ನಗುವೂ ಬಂತು, ಜೀಪಿನ ಬಾಗಿಲಿಗೆ ಒದೆಯಬೇಕೆಂದೂ ಅನ್ನಿಸಿತು. ಎರಡನೆಯದನ್ನು ಮಾಡಿದರು.

ಬುಧವಾರ ಬೆಳಿಗ್ಗೆ ಏಳಕ್ಕೆ ಮೌಲ್ಯಮಾಪಕರ ಮನೆಯ ಬಾಗಿಲು ತಟ್ಟಿದಾಗ ತೆರೆದದ್ದು ಅವರ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆಗೇ ಇದ್ದ ಹೆಂಗಸು, ಮೂಗಿನ ತುದಿಯಲ್ಲೇ ಕೋಪ.

“ಅವ್ನು ಇಲ್ಲಿಲ್ಲ. ಭಾನುವಾರದಿಂದ ನಮ್ಮೆಜಮಾನ್ರ ಹಳೇ ಪ್ರಿಂಟಿಂಗ್ ಪ್ರೆಸ್ಸಲ್ಲಿ ಮಲಗ್ತಿದಾನೆ. ಏನೋ ಕೆಲಸವಂತೆ. ಬಾಗಿಲು ಮುಚ್ಚಿ ಏಳು ವರ್ಷ ಆಯ್ತು, ಅಲ್ಲಿ ಇಲಿ ಬಿಟ್ರೆ ಯಾರಿಗೇನು ಕೆಲಸ?”

“ಏನಾದ್ರೂ ತಗೊಂಡು ಹೋದ್ರಾ?”

“ನನ್ನ ರಜಾಯಿಗಳನ್ನ! ಒಂದೂ ಬಿಡದೆ ಆರೂ ಹೊತ್ಕೊಂಡು ಹೋದ. ಕೇಳಿದ್ರೆ ಚಳಿ ಅಂತಾನೆ. ಬಂದಿದೀರಲ್ಲ, ಅದನ್ನೂ ವಾಪಸ್ ಕೊಡ್ಸಿ!”

ಪ್ರೆಸ್ಸಿನ ರೋಲಿಂಗ್ ಷಟರನ್ನು ತಟ್ಟಿದ ಕೂಡಲೇ ಮೇಲೆತ್ತಿದವರು ಮೌಲ್ಯಮಾಪಕರೇ. ಬೆಲ್ಟಿರಲಿಲ್ಲ. ಅವರ ಹಿಂದೆ, ತುಕ್ಕು ಹಿಡಿದ ಮುದ್ರಣ ಯಂತ್ರಗಳ ನಡುವೆ, ಆರು ರಜಾಯಿ ಹೊದ್ದು ಮಲಗಿತ್ತು ಕಾರು. ರೈಟರ್ ಒಂದು ತುದಿಯ ರಜಾಯಿ ಸರಿಸಿದ. ನೆರಳಿನಲ್ಲಿ ಅದು ನೇರಳೆ ಹಣ್ಣಿನಂತೆಯೇ ಇತ್ತು. ಅವನು ಮುಟ್ಟಲು ಚಾಚಿದ ಕೈಯನ್ನು ತಾನಾಗಿಯೇ ಹಿಂದಕ್ಕೆ ತೆಗೆದುಕೊಂಡ.

“ಹೇಗೆ ತಂದ್ರಿ?” ಇನ್ಸ್‌ಪೆಕ್ಟರು ಕೇಳಿದರು.

“ಪರೀಕ್ಷೆಗೆ ಮೂರು ದಿನ ಅಲ್ಲಿಗೆ ಹೋಗ್ತಿದ್ನಲ್ಲ ಸರ್. ಗೇಟಿನ ಕೀಲಿ ಒಂದು ನನ್ನ ಹತ್ರಾನೇ ಉಳ್ದಿತ್ತು. ಕಾರಿನ ಕೀಲಿ ಮೊಳೇಲೇ ಇರ್ತಿತ್ತು.”

“ಯಾಕೆ?”

ಅವರು ಮುದ್ರಣ ಯಂತ್ರದ ಹಲಗೆಯ ಮೇಲೆ ಕುಳಿತರು. “ಇಡಿಯಾಗಿ ಎಷ್ಟು, ಬಿಡಿಯಾಗಿ ಎಷ್ಟು ಅಂತ ಎರಡೂ ಲೆಕ್ಕ ಕೇಳಿದ್ರು. ಸುಳ್ಳು ಬರೆದಿದ್ರೆ ಆಗಿತ್ತು. ಒಂದು ಸಾಲು ಸುಳ್ಳು ಬರೆದಿದ್ರೆ ಅದು ಅಲ್ಲೇ ಕ್ಷೇಮವಾಗಿ ಇರ್ತಿತ್ತು. ನನ್ನ ಕೈಲಿ ಆಗ್ಲಿಲ್ಲ ಸರ್. ಇಲ್ಲೀವರ್ಗೂ ಯಾವ ಗಾಡಿಗೂ ಸುಳ್ಳು ಬೆಲೆ ಬರೆದವನಲ್ಲ.”

“ಸುಳ್ಳು ಬರೆಯೋಕಾಗ್ಲಿಲ್ಲ, ಕದಿಯೋಕಾಯ್ತು.”

“ಹೌದು.”

“ಈಗ ಏನ್ ಮಾಡ್ಬೇಕು ಅಂತಿದ್ರಿ?”

“ಗೊತ್ತಿಲ್ಲ. ಸೋಮವಾರ ಒಂದು ದಾಟ್ಲಿ ಅಂತಷ್ಟೇ ಇದ್ದೆ.”

ಇಷ್ಟು ದಿನ ಒಳಗೊಳಗೇ ಕುದ್ದದ್ದೆಲ್ಲ ಇನ್ಸ್‌ಪೆಕ್ಟರ ಬಾಯಿಗೆ ಬಂತು. “ಆಯಿಲ್ ಬಿಸಿಯಾಗೋವರೆಗೆ ಕಾಯೋಷ್ಟು ತಾಳ್ಮೆ ಇತ್ತು ನಿಮ್ಗೆ. ಒಂದು ಎಂಜಿನ್ ಸವೀಬಾರ್ದು ಅಂತ. ಅಲ್ಲಿ ಒಬ್ಬ ಮನುಷ್ಯ ಮೂರು ದಿನದಿಂದ ನೆಲದ ಮೇಲೆ ಕೂತಿದಾನೆ, ಅವನ ಹೆಂಡ್ತಿ ನಿಮ್ಮನ್ನೇ ಕೇಳಿದ್ಲು, ನಮ್ಮನೆಯವ್ರು ಏನ್ ಮಾಡಿದಾರೆ ಅಂತ. ಅದು ಸವೆಯಲ್ವಾ?”

ಮೌಲ್ಯಮಾಪಕರು ಎದ್ದು, ಸರಿದಿದ್ದ ರಜಾಯಿಯನ್ನು ಮತ್ತೆ ಹೊದಿಸಿದರು. “ಇವತ್ತು ಬಿಡ್ತಾರೆ, ನಾಳೆ ಬಿಡ್ತಾರೆ ಅಂದ್ಕೊಂಡೆ,” ಎಂದರು. ಆ ಮಾತು ಅವರ ಕಿವಿಗೇ ಹಿತವಾಗಿರಲಿಲ್ಲ.

ಬಂಧನದ ಪಂಚನಾಮೆ ಎಂಟೂವರೆಗೆ ಮುಗಿಯಿತು. ಆರು ರಜಾಯಿಗಳೂ ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಸೇರಿದವು, ಅಕ್ಕನ ಶಾಪ ರೈಟರನಿಗೆ ತಟ್ಟಿತು. ಹನ್ನೊಂದಕ್ಕೆ ವಾಚ್‌ಮನ್‌ನನ್ನು ಬಿಟ್ಟರು. ಇನ್ಸ್‌ಪೆಕ್ಟರು ಮುಂಬಾಗಿಲವರೆಗೆ ಬಂದು, “ತಪ್ಪಾಯ್ತಮ್ಮ,” ಎಂದು ಅವನ ಹೆಂಡತಿಗೆ ಹೇಳಿದರು. ಅವಳು ಗಂಡನ ಅಂಗಿಯ ಗುಂಡಿ ಹಾಕುತ್ತ, “ನಮ್ಮನೆಯವ್ರಿಗೆ ಹೇಳಿ,” ಅಂದಳು. ಅವರು ಅವನಿಗೂ ಹೇಳಿದರು. ಸಾಹುಕಾರರು ಅಷ್ಟರಲ್ಲಿ ಅವನನ್ನು ಕೆಲಸದಿಂದ ತೆಗೆದು ಬೇರೆಯವನನ್ನು ಇಟ್ಟುಕೊಂಡಿದ್ದರು.

ಕೇಸು ನ್ಯಾಯಾಲಯಕ್ಕೆ ಹೋಯಿತು. ವಿಚಾರಣೆ ಮುಗಿಯುವತನಕ ಕಾರನ್ನು ಮಾರಬಾರದು, ಬಿಚ್ಚಬಾರದು, ಇದ್ದಂತೆಯೇ ಇಡಬೇಕು ಎಂಬ ಷರತ್ತಿನ ಮೇಲೆ ನ್ಯಾಯಾಧೀಶರು ಅದನ್ನು ಸಾಹುಕಾರರ ವಶಕ್ಕೆ ಕೊಟ್ಟರು. ಮೌಲ್ಯಮಾಪಕರು ಜಾಮೀನಿನ ಮೇಲೆ ಹೊರಬಂದರು. ಮೊದಲ ಅಪರಾಧ, ಕಾರಿಗೆ ಒಂದು ಗೀರೂ ಬಿದ್ದಿಲ್ಲ, ಒಪ್ಪಿಕೊಂಡುಬಿಟ್ಟರೆ ಸಣ್ಣ ಶಿಕ್ಷೆಯಲ್ಲಿ ಮುಗಿಯುತ್ತದೆಂದು ಅವರ ವಕೀಲರೇ ಕೈಜೋಡಿಸಿ ಹೇಳಿದರು. ಇನ್ಸ್‌ಪೆಕ್ಟರ ಮುಂದೆ ಎಲ್ಲವನ್ನೂ ಒಪ್ಪಿಕೊಂಡಿದ್ದ ಮನುಷ್ಯ ಕಟಕಟೆಯಲ್ಲಿ ನಿಂತು, “ನಾನು ತಪ್ಪಿತಸ್ಥನಲ್ಲ,” ಎಂದರು.

ಸಿಟ್ಟಿನಿಂದ ಕೆಂಪಾದ ಇನ್ಸ್‌ಪೆಕ್ಟರಿಗೆ ಅದರ ಅರ್ಥ ಹೊಳೆಯಲು ಎರಡು ವಾಯಿದೆಗಳು ಬೇಕಾದವು. ಕೇಸು ನಡೆಯುವಷ್ಟು ಕಾಲ ಕಾರು ಇಡಿಯಾಗಿರುತ್ತದೆ. ಕೇಸು ಮುಗಿದ ಮಾರನೆಯ ದಿನ ಪಾರ್ಟ್ಸ್ ವ್ಯಾಪಾರಿ ಸ್ಪ್ಯಾನರು ಹಿಡಿದು ಬರುತ್ತಾನೆ. ಆ ಮನುಷ್ಯನಿಗೆ ಬಿಡುಗಡೆ ಬೇಕಿರಲಿಲ್ಲ, ವಾಯಿದೆಗಳು ಬೇಕಿದ್ದವು.

ಮುಖ್ಯ ಸಾಕ್ಷಿ ವಾಚ್‌ಮನ್. ಪ್ರತಿ ವಾಯಿದೆಗೂ ಅವನು ಬೆಳಿಗ್ಗೆಯೇ ಬಂದು ನ್ಯಾಯಾಲಯದ ಮೊಗಸಾಲೆಯಲ್ಲಿ ಗೋಡೆಗೊರಗಿ ಕೂರುತ್ತಿದ್ದ. ಒಮ್ಮೆ ವಕೀಲರು ಇಲ್ಲ, ಒಮ್ಮೆ ನ್ಯಾಯಾಧೀಶರು ರಜೆ, ಒಮ್ಮೆ ಸುಮ್ಮನೆ ಮುಂದಕ್ಕೆ. ಐದನೆಯ ವಾಯಿದೆಯಂದು ಅವನು ಇನ್ಸ್‌ಪೆಕ್ಟರ ಬಳಿ ಬಂದ.

“ಸರ್, ಇದು ಯಾವಾಗ ಮುಗಿಯುತ್ತೆ?”

“ಯಾಕಪ್ಪ?”

“ಆಸ್ಪತ್ರೆ ಗೇಟಲ್ಲಿ ಹೊಸ ಕೆಲಸ ಸಿಕ್ಕಿದೆ ಸರ್. ಬೆಳಗಿನ ಪಾಳಿ. ಇನ್ನೊಂದು ಸಲ ಪೂರ್ತಿ ದಿನ ತಪ್ಪಿಸಿದ್ರೆ ಬರ್ಲೇಬೇಡ ಅಂದಿದಾರೆ.”

ಇನ್ಸ್‌ಪೆಕ್ಟರ ಮನಸ್ಸು ರೋಸಿಹೋಯಿತು. ಅವರು ಸೀದಾ ಮೊಗಸಾಲೆಯ ಆ ತುದಿಗೆ, ವಕೀಲರ ಪಕ್ಕ ಕುಳಿತಿದ್ದ ಮೌಲ್ಯಮಾಪಕರ ಬಳಿಗೆ ಹೋಗಿ ನಿಂತರು.

“ನೀವ್ಯಾಕೆ ಒಪ್ಕೋತಿಲ್ಲ ಅಂತ ನನಗ್ಗೊತ್ತು. ನಿಮ್ಮ ಕಾರು ಉಳೀಲಿ, ನಂಗೇನೂ ಹೊಟ್ಟೆಕಿಚ್ಚಿಲ್ಲ. ಆದ್ರೆ ಅದನ್ನ ಉಳಿಸ್ತಿರೋದು ನೀವಲ್ಲ, ಅಲ್ಲಿ ಕೂತಿದಾನಲ್ಲ, ಅವನು. ನಿಮ್ಮ ಒಂದೊಂದು ವಾಯಿದೆಗೂ ಅವನ ಒಂದು ದಿನ. ಇವತ್ತು ಪೂರ್ತಿ ದಿನ ಇಲ್ಲೇ ಕೂತ್ರೆ ಕೆಲಸಾನೂ ಹೋಗುತ್ತೆ.”

ಮೌಲ್ಯಮಾಪಕರು ತಲೆಯೆತ್ತಿ ನೋಡಿದರು. ಠಾಣೆಯಲ್ಲಿ, ನ್ಯಾಯಾಲಯದಲ್ಲಿ ಎಷ್ಟೋ ಸಲ ಎದುರಾಗಿದ್ದವನನ್ನು ಅವರು ನೆಟ್ಟಗೆ ನೋಡಿದ್ದು ಇದೇ ಮೊದಲು. ಸವೆದ ಚಪ್ಪಲಿ, ಮೊಣಕಾಲ ಮೇಲಿಟ್ಟ ಕೈಗಳು, ಆಸ್ಪತ್ರೆಯ ಹೊಸ ಸಮವಸ್ತ್ರ, ಬುತ್ತಿಯ ಡಬ್ಬಿ, ಎಲ್ಲವನ್ನೂ ಆತುರವಿಲ್ಲದೆ ನೋಡಿದರು. ವಾಚ್‌ಮನ್ ಮುಜುಗರದಿಂದ ಅಂಗಿ ಎಳೆದುಕೊಂಡ.

ಹತ್ತೂಮುಕ್ಕಾಲಿಗೆ ಕೇಸು ಕರೆದರು. ವಕೀಲರು ಮುಂದಿನ ದಿನಾಂಕ ಕೇಳಲು ಎದ್ದಿದ್ದರು. ಮೌಲ್ಯಮಾಪಕರು ಅವರ ಕೋಟಿನ ತೋಳು ಹಿಡಿದು ಕೂರಿಸಿ ತಾವೇ ಎದ್ದುನಿಂತರು. “ಸ್ವಾಮಿ, ಕಾರು ಕದ್ದಿದ್ದು ನಾನೇ. ಆ ಸಾಕ್ಷಿ ಹೇಳೋದೆಲ್ಲ ನಿಜ. ಅವರನ್ನ ಇನ್ನು ಕರೆಸ್ಬೇಡಿ,” ಎಂದರು.

ಹಿಂದಿನ ಸಾಲಿನಲ್ಲಿದ್ದ ಸಾಹುಕಾರರು ಫೋನು ಕಿವಿಗಿಟ್ಟುಕೊಂಡು ಲಗುಬಗೆಯಿಂದ ಹೊರಗೆ ಹೋದರು. ಯಾರಿಗೆ ಫೋನೆಂದು ಯಾರೂ ಹೇಳಬೇಕಾಗಿರಲಿಲ್ಲ. ಮೌಲ್ಯಮಾಪಕರು ಬಾಗಿಲ ಕಡೆಗೆ ತಿರುಗಿ ಕೂಡ ನೋಡಲಿಲ್ಲ. ಅವರ ಕಣ್ಣು ತುಂಬಿದ್ದು ಇನ್ಸ್‌ಪೆಕ್ಟರಿಗೆ ಕಂಡಿತು. ಕೇಸು ಗೆದ್ದ ಸಂತೋಷ ಒಂದಿಷ್ಟಾದರೂ ಆಗಬೇಕಿತ್ತು, ಅವರಿಗೆ ಆಗಿದ್ದು ಏನನ್ನೋ ಕೈಯಾರೆ ಒಡೆದ ಸಂಕಟ.

ಹೊರಗೆ ವಾಚ್‌ಮನ್ ಇನ್ನೂ ಗೋಡೆಗೊರಗಿ ಕುಳಿತಿದ್ದ.

“ಮುಗೀತು ಹೋಗಪ್ಪ. ಇನ್ನು ಬರೋದು ಬೇಡ.”

“ಪೂರ್ತಿ ಮುಗೀತಾ ಸರ್?”

“ಪೂರ್ತಿ.”

ಅವನು ಗೋಡೆಯ ಗಡಿಯಾರ ನೋಡಿದ. “ಹನ್ನೊಂದಕ್ಕೆ ಒಂದು ಬಸ್ಸಿದೆ,” ಎಂದು ಬುತ್ತಿಯ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದ.